ಹತ್ತು ಆಳಿನ ಮಾಲೀಕ ಕಾನೂನು ಓದಬೇಕೇ?

ಸಣ್ಣ ಕಾರ್ಖಾನೆ, ಅಂಗಡಿ, ಹೋಟೆಲು ನಡೆಸುವವರು ಕಾರ್ಮಿಕ ಕಾನೂನನ್ನು ತಾವೇ ಓದಿ ತಿಳಿದುಕೊಳ್ಳಬೇಕೇ? ಅಥವಾ ಆ ಹೊರೆಯನ್ನು ಸಲಹೆಗಾರರಿಗೆ ಒಪ್ಪಿಸಿ ತಮ್ಮ ಕಸುಬು ನೋಡಿಕೊಳ್ಳಬಹುದೇ? ಮೊದಲ ಉತ್ತರ ಒಬ್ಬ ಮಾಲೀಕರದು, ಎರಡನೆಯದು ಮೂವತ್ತು ವರ್ಷ ಸಂಬಳದ ಲೆಕ್ಕ ಬರೆದು ನಿವೃತ್ತರಾದವರದು.

ಪರ: ಸಹಿ ಹಾಕುವವನೇ ಓದಬೇಕು

ಪೀಣ್ಯದಲ್ಲಿ ನನ್ನದೊಂದು ಲೇತ್ ಶೆಡ್ ಇದೆ. ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. ಮೊದಲ ಆರು ವರ್ಷ ಸಲಹೆಗಾರರೊಬ್ಬರು ತಿಂಗಳಿಗೊಮ್ಮೆ ಬಂದು ಕಾಗದ ಮುಂದಿಡುತ್ತಿದ್ದರು, ನಾನು ಸಹಿ ಹಾಕುತ್ತಿದ್ದೆ. ಒಂದು ಮಧ್ಯಾಹ್ನ ಹೊಸ ಹುಡುಗನೊಬ್ಬನ ಎರಡು ಬೆರಳು ಮಿಲ್ಲಿಂಗ್ ಯಂತ್ರಕ್ಕೆ ಸಿಕ್ಕವು. ಇ.ಎಸ್.ಐ. (ಕಾರ್ಮಿಕರ ರಾಜ್ಯ ವಿಮೆ) ಆಸ್ಪತ್ರೆಗೆ ಕರೆದೊಯ್ದರೆ ಅವನ ಹೆಸರೇ ನೋಂದಣಿಯಲ್ಲಿ ಇಲ್ಲ. ‘ತರಬೇತಿಯವನಲ್ಲವೇ ಸಾರ್, ಆಮೇಲೆ ಸೇರಿಸೋಣ ಎಂದುಕೊಂಡಿದ್ದೆ’ ಎಂದರು ಸಲಹೆಗಾರರು. ನಾವು ಬಾಯಿಮಾತಿನಲ್ಲಿ ‘ತರಬೇತಿಯವನು’ ಎಂದು ಕರೆದ ಮಾತ್ರಕ್ಕೆ ಯಾರೂ ಕಾನೂನಿನ ಕಣ್ಣಿಗೆ ಅಪ್ರೆಂಟಿಸ್ ಆಗುವುದಿಲ್ಲ. ಆಸ್ಪತ್ರೆಯ ಖರ್ಚು ನಾನು ಕೊಟ್ಟೆ, ನೋಟಿಸು ನನ್ನ ಹೆಸರಿಗೆ ಬಂತು. ಸಲಹೆಗಾರರು ಆ ತಿಂಗಳ ಶುಲ್ಕವನ್ನೂ ಮರೆಯದೆ ಪಡೆದುಕೊಂಡರು.

ಅಂದಿನಿಂದ ನಾನು ಓದತೊಡಗಿದೆ. ಓದಿ ಕಂಡುಕೊಂಡದ್ದು ಇಷ್ಟು: ಎಲ್ಲವನ್ನೂ ಓದಬೇಕಿಲ್ಲ, ಆದರೆ ಎರಡು ಅಂಕಿಗಳು ಬಾಯಲ್ಲಿರಬೇಕು. ಹತ್ತು ಮತ್ತು ಇಪ್ಪತ್ತು. ಹತ್ತು ಜನರಾದರೆ ಇ.ಎಸ್.ಐ. ಬರುತ್ತದೆ, ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಕೊಡುವ ಗ್ರಾಚ್ಯುಟಿ ಬರುತ್ತದೆ, ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ರಚಿಸುವ ಹೊಣೆ ಬರುತ್ತದೆ. ಇಪ್ಪತ್ತಾದರೆ ಭವಿಷ್ಯನಿಧಿ, ಅಂದರೆ ಪಿ.ಎಫ್., ಮತ್ತು ಬೋನಸ್. ಇ.ಎಸ್.ಐ.ಗೆ ಮಾಲೀಕನ ಪಾಲು ಶೇಕಡಾ 3.25, ಕೆಲಸಗಾರನದು 0.75. ಪಿ.ಎಫ್.ಗೆ ಇಬ್ಬರದೂ ತಲಾ 12. ಮಾಲೀಕನ ಹನ್ನೆರಡರಲ್ಲಿ 8.33 ಪಿಂಚಣಿಗೆ ಹೋಗುತ್ತದೆ. ಇಷ್ಟು ತಿಳಿಯಲು ವಕೀಲಿಕೆ ಓದಬೇಕಾಗಿಲ್ಲ. ಮಾಲಿನ ದರ ನೆನಪಿಟ್ಟುಕೊಳ್ಳುವ ತಲೆಗೆ ಇದೇನು ಭಾರ?

ಪಿ.ಎಫ್. ವಿಷಯದಲ್ಲಂತೂ ಅಜ್ಞಾನ ದುಬಾರಿ. ಕೆಲಸಗಾರನ ಸಂಬಳದಿಂದ ಹಣ ಮುರಿದುಕೊಂಡು ಮುಂದಿನ ತಿಂಗಳ 15ರೊಳಗೆ ಕಟ್ಟದಿದ್ದರೆ ಬಡ್ಡಿ ಬೀಳುತ್ತದೆ, ದಂಡ ಬೀಳುತ್ತದೆ. ಕಟ್ಟದೇ ಉಳಿಸಿಕೊಂಡರೆ ಅದು ಬರೀ ಬಾಕಿಯಲ್ಲ. ಇಂಥ ಹಣವನ್ನು ಮಾಲೀಕನ ಕೈಗೆ ಒಪ್ಪಿಸಿದ ನಂಬಿಕೆಯ ಹಣವೆಂದೇ ಹಳೆಯ ದಂಡಸಂಹಿತೆ ಬರೆದಿತ್ತು, ಹೊಸ ನ್ಯಾಯಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಅಂದರೆ ಕ್ರಿಮಿನಲ್ ಮೊಕದ್ದಮೆ. ಆಗ ಕಟಕಟೆಯಲ್ಲಿ ನಿಲ್ಲುವವರು ಚಲನ್ ತುಂಬಿದ ಗುಮಾಸ್ತರಲ್ಲ.

ಇನ್ನೊಂದು ಮಾತು. 2019ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು: ಎಲ್ಲರಿಗೂ ಒಂದೇ ತೆರನಾಗಿ ಕೊಡುವ ಭತ್ಯೆಯನ್ನು ಪಿ.ಎಫ್. ಲೆಕ್ಕದಿಂದ ಹೊರಗಿಡುವಂತಿಲ್ಲ. ಆ ಸುದ್ದಿ ನನಗೆ ತಲುಪಿದ್ದು ಪಕ್ಕದ ಶೆಡ್ಡಿನವರಿಂದ, ಅದೂ ಒಂದು ವರ್ಷದ ಮೇಲೆ. ಈಗ ಹಳೆಯ 29 ಕಾನೂನುಗಳನ್ನು ನಾಲ್ಕು ಸಂಹಿತೆಗಳಾಗಿ ಕಟ್ಟಿ 2025ರ ನವೆಂಬರ್ 21ರಂದು ಜಾರಿಗೆ ತಂದಿದ್ದಾರೆ. ಅದರಲ್ಲಿ ವೇತನದ ಅರ್ಥವೇ ಬದಲಾಗಿದೆ. ಹೊರಗಿಡುವ ಭತ್ಯೆಗಳು ಒಟ್ಟು ಸಂಬಳದ ಅರ್ಧವನ್ನು ಮೀರಿದರೆ, ಮೀರಿದ್ದು ಮತ್ತೆ ವೇತನಕ್ಕೇ ಸೇರುತ್ತದೆ. ಇಪ್ಪತ್ತು ಸಾವಿರ ಸಂಬಳದಲ್ಲಿ ಮೂಲವೇತನ ಆರು ಸಾವಿರ ಎಂದು ತೋರಿಸಿ ಉಳಿದದ್ದನ್ನು ಭತ್ಯೆ ಎನ್ನುತ್ತಿದ್ದವರ ಲೆಕ್ಕ ಈಗ ಹತ್ತು ಸಾವಿರದಿಂದ ಶುರುವಾಗುತ್ತದೆ. ಪಿ.ಎಫ್. ಪಾಲು 720 ಇದ್ದದ್ದು 1,200 ಆಗುತ್ತದೆ. ಹೊಸ ಆರ್ಡರಿಗೆ ದರ ಹೇಳುವಾಗ ಈ ವ್ಯತ್ಯಾಸ ತಿಳಿಯದಿದ್ದರೆ ನಷ್ಟ ಯಾರಿಗೆ?

ಅಂಗಡಿಯವರಿಗೂ ಇದೇ ಮಾತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದು. ರಾಜ್ಯದ ಕಾಯ್ದೆಯಾದ್ದರಿಂದ ಸಂಹಿತೆಗಳು ಅದನ್ನು ನುಂಗಿಲ್ಲ. ದಿನಕ್ಕೆ ಒಂಬತ್ತು, ವಾರಕ್ಕೆ ನಲವತ್ತೆಂಟು ಗಂಟೆ. ಆರು ತಿಂಗಳು ಸತತವಾಗಿ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಕೊಡದೆ ಕಳಿಸುವಂತಿಲ್ಲ. ‘ನಾಳೆಯಿಂದ ಬರಬೇಡ’ ಎಂಬ ಎರಡು ಪದಗಳಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂದು ಗೊತ್ತಿದ್ದರೆ ಎಷ್ಟೋ ಮಾಲೀಕರು ಅದನ್ನು ಸಿಟ್ಟಿನಲ್ಲಿ ಆಡುತ್ತಿರಲಿಲ್ಲ.

ಬೇರೆಯವರಿಗೆ ಒಪ್ಪಿಸಿ ಕೈತೊಳೆದುಕೊಂಡರೆ ಏನಾಗುತ್ತದೆಂದು ನಾವು 2020ರ ಡಿಸೆಂಬರಿನಲ್ಲಿ ಕೋಲಾರದ ನರಸಾಪುರದಲ್ಲಿ ಕಂಡೆವು. ಐಫೋನ್ ಜೋಡಿಸುವ ಕಾರ್ಖಾನೆ, ಬಹುಪಾಲು ಜನ ಗುತ್ತಿಗೆದಾರರ ಮೂಲಕ ಬಂದವರು, ಹನ್ನೆರಡು ಗಂಟೆಯ ಪಾಳಿ, ಸಂಬಳದಲ್ಲಿ ಗೊಂದಲ. ಸಿಟ್ಟು ಒಂದು ಬೆಳಿಗ್ಗೆ ಗಾಜು ಒಡೆಯಿತು. ಕೆಲವರಿಗೆ ಸಂಬಳ ಸರಿಯಾಗಿ, ಸಕಾಲಕ್ಕೆ ಸಂದಿಲ್ಲವೆಂದು ಕಂಪನಿ ಒಪ್ಪಿಕೊಂಡು ಕ್ಷಮೆ ಕೇಳಬೇಕಾಯಿತು. ಕಟ್ಟಕಡೆಗೆ ಉತ್ತರ ಕೊಟ್ಟವರು ಗುತ್ತಿಗೆದಾರರಲ್ಲ.

ಕೆಲಸದವರಿಗೆ ಏನೂ ಗೊತ್ತಿಲ್ಲವೆಂದು ತಿಳಿಯುವುದು ಇನ್ನೊಂದು ಭ್ರಮೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ರಸ್ತೆಗಿಳಿದದ್ದು ಪಿ.ಎಫ್. ಹಣ ಹಿಂಪಡೆಯುವ ಒಂದು ನಿಯಮದ ತಿದ್ದುಪಡಿಯ ವಿರುದ್ಧ. ಮಾಲೀಕನ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಸಾಲು ಅವರಿಗೆ ಅರ್ಥವಾಗಿತ್ತು. ಎರಡೇ ದಿನದಲ್ಲಿ ಕೇಂದ್ರ ಸರಕಾರ ಆ ಆದೇಶ ಹಿಂತೆಗೆದುಕೊಂಡಿತು. ಹೊಲಿಗೆ ಯಂತ್ರದ ಮುಂದೆ ಕೂತವರು ಓದಿಕೊಂಡದ್ದನ್ನು ಕುರ್ಚಿಯಲ್ಲಿ ಕೂತವರು ಓದದಿದ್ದರೆ ಹೇಗೆ?

ವಿರೋಧ: ಓದಿದ ಮಾಲೀಕರನ್ನು ನಾನು ಕಂಡಿದ್ದೇನೆ

ಮೇಲಿನ ಮಹನೀಯರು ಒಳ್ಳೆಯವರು, ಅದಕ್ಕೇ ಅವರಿಗೆ ಓದು ಒಳ್ಳೆಯದಾಗಿ ಕಂಡಿದೆ. ನಾನು ಮೂರು ದಶಕ ಹಾಜರಿ ಪುಸ್ತಕದ ಹಿಂದೆ ಕೂತವನು. ಕಾನೂನು ಓದಿದ ಮಾಲೀಕ ಮೊದಲು ಕಲಿಯುವುದು ಅದನ್ನು ಪಾಲಿಸುವುದನ್ನಲ್ಲ, ಅದರ ಅಂಚು ಎಲ್ಲಿದೆ ಎಂಬುದನ್ನು.

ಹತ್ತು, ಇಪ್ಪತ್ತು ಎಂಬ ಅಂಕಿ ಬಾಯಲ್ಲಿರಬೇಕು ಎಂದರಲ್ಲ, ಆ ಅಂಕಿ ಬಾಯಿಗೆ ಬಂದ ದಿನವೇ ಒಂಬತ್ತು ಮತ್ತು ಹತ್ತೊಂಬತ್ತೂ ಬರುತ್ತವೆ. ನಾನು ಕೆಲಸ ಮಾಡಿದ ಒಂದು ಕಡೆ ಇಪ್ಪತ್ತನೆಯವನು ಸದಾ ‘ದಿನಗೂಲಿ’ಯಾಗಿದ್ದ. ಇನ್ನೊಂದು ಕಡೆ ಒಂದೇ ಸೂರಿನ ಕೆಳಗೆ ಅಣ್ಣನ ಹೆಸರಿನಲ್ಲಿ ಒಂದು ಸಂಸ್ಥೆ, ತಮ್ಮನ ಹೆಸರಿನಲ್ಲಿ ಇನ್ನೊಂದು, ನಡುವೆ ಪ್ಲೈವುಡ್ ಗೋಡೆ. ವರ್ಷದಲ್ಲಿ 240 ದಿನ ದುಡಿದವನಿಗೆ ಸತತ ಸೇವೆಯ ರಕ್ಷಣೆ ಇದೆ ಎಂದು ಓದಿಕೊಂಡ ಮಾಲೀಕರು, 230 ದಾಟುತ್ತಿದ್ದಂತೆ ಕ್ಯಾಲೆಂಡರು ನೋಡಿ, ‘ಊರಿಗೆ ಹೋಗಿ ಬಾ’ ಎಂದು ಅಕ್ಕರೆಯಿಂದ ಕಳಿಸುತ್ತಿದ್ದರು. ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕೇ? ಇವರಾರೂ ಅನಕ್ಷರಸ್ಥರಲ್ಲ. ಕಾಯ್ದೆಯ ಪುಸ್ತಕ ಮೇಜಿನ ಮೇಲಿತ್ತು, ಕೆಂಪು ಗೆರೆ ಎಳೆದದ್ದೂ ಇತ್ತು.

ಇನ್ನು ಪ್ರಾಮಾಣಿಕರ ಮಾತು. ಅವರ ಗತಿ ಬೇರೆ ರೀತಿಯದು. ಗ್ರಾಚ್ಯುಟಿ ಎಂದರೆ ವರ್ಷಕ್ಕೆ ಹದಿನೈದು ದಿನದ ಸಂಬಳ ಎಂದು ಕಾಯ್ದೆ ಹೇಳುತ್ತದೆ. ಹದಿನೈದು ದಿನ ಎಂದರೆ ಅರ್ಧ ತಿಂಗಳಲ್ಲವೇ ಎಂದು ನಮ್ಮ ಯಜಮಾನರೊಬ್ಬರು ತಾವೇ ಲೆಕ್ಕ ಹಾಕಿದರು. ಹದಿನೆಂಟು ಸಾವಿರ ಸಂಬಳದ, ಹನ್ನೆರಡು ವರ್ಷ ದುಡಿದ ಟರ್ನರ್‌ಗೆ 1,08,000 ಕೊಟ್ಟು ಹಾರ ಹಾಕಿ ಬೀಳ್ಕೊಟ್ಟರು. ಆದರೆ ತಿಂಗಳ ಸಂಬಳವನ್ನು ಭಾಗಿಸಬೇಕಾದದ್ದು ಮೂವತ್ತರಿಂದಲ್ಲ, ಇಪ್ಪತ್ತಾರರಿಂದ. ವಾರದ ರಜೆ ಕಳೆದರೆ ಉಳಿಯುವ ದಿನಗಳವು. ಸರಿಯಾದ ಮೊತ್ತ 1,24,615. ಅದು ಕಾಯ್ದೆಯಲ್ಲೇ ಇದೆ, ಕಲಮಿನ ಕೆಳಗಿನ ವಿವರಣೆಯಲ್ಲಿ. ಅವರು ಮೇಲಿನ ಸಾಲು ಓದಿದ್ದರು, ಕೆಳಗಿನದನ್ನು ಓದಿರಲಿಲ್ಲ. ಹಾರದ ಹೂವು ಬಾಡುವ ಮೊದಲೇ ಅರ್ಜಿ ಬಂತು. ಓದದ ಮಾಲೀಕರಾಗಿದ್ದರೆ ನನ್ನನ್ನು ಕೇಳುತ್ತಿದ್ದರು.

ಕಾನೂನು ಓದಿದರೆ ತಿಳಿಯುತ್ತದೆ ಎಂಬ ನಂಬಿಕೆಯೇ ತುಸು ಮುಗ್ಧವಾದದ್ದು. ‘ಕೈಗಾರಿಕೆ’ ಎಂಬ ಒಂದು ಪದ ತೆಗೆದುಕೊಳ್ಳಿ. ನಮ್ಮ ಬೆಂಗಳೂರಿನ ಜಲಮಂಡಳಿಯ ಕೆಲವು ನೌಕರರಿಗೆ ದಂಡ ಹಾಕಿ ಹಣ ವಸೂಲಿ ಮಾಡಿದ ಪ್ರಕರಣ ಅದು. ಮಂಡಳಿ ಕೈಗಾರಿಕೆಯೇ ಅಲ್ಲ, ಹಾಗಾಗಿ ಕೈಗಾರಿಕಾ ವಿವಾದದ ಕಾನೂನು ಅದಕ್ಕೆ ತಾಗದು ಎಂಬ ವಾದ ಎದ್ದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಕೂತಿತು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ಪದವನ್ನು ಎಷ್ಟು ಅಗಲ ಮಾಡಿದರೆಂದರೆ ಆಸ್ಪತ್ರೆ, ಶಾಲೆಗಳೂ ಒಳಗೆ ಬಂದವು. ಅದು ಸರಿಯೇ ಎಂದು ಮತ್ತೆ ಪ್ರಶ್ನೆ ಎದ್ದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಒಪ್ಪಿಸಲಾಯಿತು. ಈ ನಡುವೆ ಹೊಸ ಸಂಹಿತೆ ಆ ಪದಕ್ಕೆ ಬೇರೆಯೇ ಅರ್ಥ ಬರೆದಿದೆ. ಒಂದು ಪದಕ್ಕೆ ಇಷ್ಟು ನ್ಯಾಯಮೂರ್ತಿಗಳು ಬೇಕಾದರೆ, ರಾತ್ರಿ ಹತ್ತಕ್ಕೆ ಬೇಕರಿಯ ಶಟರ್ ಎಳೆದು ಮನೆಗೆ ಹೋಗುವವರು ಕನ್ನಡಕ ಏರಿಸಿಕೊಂಡು ಏನನ್ನು ತಾನೇ ತೀರ್ಮಾನಿಸಬೇಕು?

ಕನಿಷ್ಠ ವೇತನದ ಕಥೆಯಂತೂ ಹೇಳತೀರದು. ರಾಜ್ಯದಲ್ಲಿ ಎಂಬತ್ತರ ಆಸುಪಾಸಿನಷ್ಟು ಬಗೆಯ ಉದ್ಯೋಗಗಳ ಪಟ್ಟಿ, ವಲಯಗಳು, ಕುಶಲ, ಅರೆಕುಶಲ, ಅಕುಶಲ ಎಂಬ ವರ್ಗಗಳು. ಮೇಲೆ ಪ್ರತಿ ಏಪ್ರಿಲ್ ಒಂದರಂದು ಸೂಚ್ಯಂಕಕ್ಕೆ ತಕ್ಕಂತೆ ಏರುವ ತುಟ್ಟಿಭತ್ಯೆ. ಹೋಟೆಲಿನಲ್ಲಿ ದೋಸೆ ಹುಯ್ಯುವವರು ಯಾವ ವರ್ಗ ಎಂದು ನಾನೇ ಎರಡು ಸಲ ಪರದಾಡಿದ್ದೇನೆ. ಇದನ್ನು ಸರಳ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು ಪ್ರತಿ ಅಂಗಡಿಗೂ ತಲುಪಿಸುವುದು ಸರಕಾರದ ಕೆಲಸ. ಕಾರ್ಖಾನೆ ಕಾಯ್ದೆ ಮಾಲೀಕನಿಗೆ ಏನು ಹೇಳಿತ್ತು? ಕಾಯ್ದೆಯ ಸಾರಾಂಶವನ್ನು ಇಂಗ್ಲಿಷಿನ ಜೊತೆಗೆ ಬಹುಪಾಲು ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲೂ ಗೋಡೆಗೆ ಹಾಕು ಎಂದು. ಆ ಸೌಜನ್ಯವನ್ನು ಸರಕಾರ ಮಾಲೀಕನಿಗೂ ತೋರಿಸಲಿ. ತಾನು ಬರೆದದ್ದು ಅರ್ಥವಾಗುವಂತಿಲ್ಲವಾದರೆ, ಓದಲಿಲ್ಲವೆಂದು ಬೈಯುವುದು ಯಾವ ನ್ಯಾಯ?

ಬೆರಳು ಕಳೆದುಕೊಂಡ ಹುಡುಗನ ವಿಷಯಕ್ಕೆ ಬರುತ್ತೇನೆ, ಅದನ್ನು ಬದಿಗೊತ್ತಿ ವಾದ ಮಾಡಲು ನನಗೆ ಮನಸ್ಸಾಗದು. ಅಲ್ಲಿ ಕೊರತೆಯಾದದ್ದು ಕಾನೂನಿನ ಜ್ಞಾನವೇ? ಹುಡುಗ ಶೆಡ್ಡಿನಲ್ಲಿ ಮೂರು ತಿಂಗಳು ಓಡಾಡಿದ್ದಾನೆ, ಸಂಬಳದ ಪಟ್ಟಿಯಲ್ಲಿ ಅವನ ಹೆಸರಿಲ್ಲ ಎಂದಿಟ್ಟುಕೊಳ್ಳಿ. ಹದಿನಾಲ್ಕು ತಲೆ ಎಣಿಸಿ ಪಟ್ಟಿಯ ಹದಿನಾಲ್ಕು ಹೆಸರಿಗೆ ಹೊಂದಿಸಿ ನೋಡುವುದಕ್ಕೆ ಯಾವ ಕಾಯ್ದೆ ಓದಬೇಕು? ನಾನು ದುಡಿದ ಮೊದಲ ಕಾರ್ಖಾನೆಯ ಯಜಮಾನರಿಗೆ ಕನ್ನಡದಲ್ಲಿ ಸಹಿ ಹಾಕಲು ಬರುತ್ತಿತ್ತು, ಅಷ್ಟೇ. ಪ್ರತಿ ತಿಂಗಳು ಏಳನೆಯ ತಾರೀಕು ಸಂಬಳ ಕೊಡುವಾಗ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಒಬ್ಬೊಬ್ಬರ ಕೈಗೆ ಲಕೋಟೆ ಹೋದ ಮೇಲೂ ಏಳುತ್ತಿರಲಿಲ್ಲ. ಬಾಗಿಲ ಕಡೆ ನೋಡಿ, ‘ಇನ್ನು ಯಾರಾದರೂ ಉಳಿದರೇನಯ್ಯಾ?’ ಎಂದು ನನ್ನನ್ನು ಕೇಳುತ್ತಿದ್ದರು.