ಪ್ಯಾಕೇಜ್ ಎಲ್ಲಿ ಕೂರಬೇಕು ಅನ್ನೋದು ಬಳಸುವವರ ಕೈಲಿರಲಿ

ಸಾಫ್ಟ್‌ವೇರ್ ತಂದು ಇನ್‌ಸ್ಟಾಲ್ ಮಾಡಿಕೊಡುವ ಪ್ಯಾಕೇಜ್ ಮ್ಯಾನೇಜರ್ ಬರೆಯುವವರಲ್ಲಿ ಬಹಳ ಜನ ಇನ್‌ಸ್ಟಾಲ್ ಜಾಗದ ವಿಚಾರವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಡಿಪೆಂಡೆನ್ಸಿ (ಒಂದು ಪ್ಯಾಕೇಜ್‌ಗೆ ಬೇಕಾದ ಬೇರೆ ಪ್ಯಾಕೇಜ್‌ಗಳು), ಡೌನ್‌ಲೋಡ್, ಸಹಿ ಪರಿಶೀಲನೆ ಎಲ್ಲ ಮುಗಿದ ಮೇಲೆ, ಯಾರೋ ಕೇಳಿದರು ಅಂತ ಪ್ರಿಫಿಕ್ಸ್ (ಯಾವ ಫೋಲ್ಡರ್‌ನಲ್ಲಿ ಇನ್‌ಸ್ಟಾಲ್ ಆಗಬೇಕು ಅಂತ ಹೇಳುವುದು) ಅನ್ನೋ ಒಂದು ಆಪ್ಷನ್ ಸೇರಿಸುತ್ತಾರೆ. ಅಷ್ಟರಲ್ಲಿ ಕೈ ಮೀರಿರುತ್ತದೆ. ಇದು ಮೊದಲ ದಿನವೇ ತೀರ್ಮಾನ ಆಗಬೇಕಾದ ವಿಷಯ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಯಾರಿಗೆ ಬೇಕು ಇದು? ಅಡ್ಮಿನ್ ಪಾಸ್‌ವರ್ಡ್ ಇಲ್ಲದವರಿಗೆ. ಕಾಲೇಜ್ ಲ್ಯಾಬಿನ ಕಂಪ್ಯೂಟರ್, ನೂರಾರು ಜನ ಹಂಚಿಕೊಳ್ಳುವ ಸೂಪರ್ ಕಂಪ್ಯೂಟರ್, ಆಫೀಸಿನವರು ಕೊಟ್ಟ ಲ್ಯಾಪ್‌ಟಾಪ್. ಇಲ್ಲೆಲ್ಲ ಸಿಸ್ಟಮ್ ಫೋಲ್ಡರ್ ಮುಟ್ಟುವ ಹಕ್ಕು ನಮಗಿರುವುದಿಲ್ಲ, ಬೇಕಾಗಿಯೂ ಇಲ್ಲ. ಆದರೆ ನನ್ನದೇ ಹೋಮ್ ಡೈರೆಕ್ಟರಿಯೊಳಗೆ ಒಂದು ಕಂಪೈಲರ್ ಹಾಕಿಕೊಳ್ಳುವುದಕ್ಕೂ ಇನ್ನೊಬ್ಬರನ್ನು ಬೇಡಬೇಕು ಅಂದ್ರೆ ಅದು ಅನ್ಯಾಯ ಅಲ್ವಾ? ಡಿಸ್ಕ್ ತುಂಬಿ ಇನ್ನೊಂದು ಡ್ರೈವ್‌ಗೆ ಹಾಕಬೇಕಾದವರು, ಒಂದೇ ಲೈಬ್ರರಿಯ (ಬೇರೆ ಪ್ರೋಗ್ರಾಮ್‌ಗಳು ಬಳಸುವ ಕೋಡ್) ಎರಡು ಆವೃತ್ತಿ ಅಕ್ಕಪಕ್ಕ ಬೇಕಾದವರು ಕೂಡ ಇದ್ದಾರೆ.

ಫೈಲ್‌ಗಳನ್ನು ಬೇರೆ ಕಡೆ ಬಿಚ್ಚಿದರೆ ಮುಗೀತಲ್ಲ ಅಂತ ಅನ್ನಿಸಬಹುದು. ತೊಂದರೆ ಇರುವುದು ಫೈಲ್‌ಗಳ ಒಳಗೆ. ಕಂಪೈಲ್ ಮಾಡುವಾಗ ಕೊಟ್ಟ ಪಾತ್, ಅಂದ್ರೆ ಫೋಲ್ಡರ್‌ನ ವಿಳಾಸ, ಓಡಲು ಸಿದ್ಧವಾದ ಪ್ರೋಗ್ರಾಮ್ ಫೈಲ್ ಆದ ಬೈನರಿಯೊಳಗೆ ಕಲ್ಲಿನಲ್ಲಿ ಕೆತ್ತಿದ ಹಾಗೆ ಕೂತುಬಿಡುತ್ತದೆ. ಲೈಬ್ರರಿ ಎಲ್ಲಿ ಹುಡುಕಬೇಕು, ಡೇಟಾ ಫೈಲ್ ಎಲ್ಲಿದೆ, ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಅದನ್ನು ಓಡಿಸುವ ಇಂಟರ್‌ಪ್ರಿಟರ್ ಯಾವುದು, ಎಲ್ಲವೂ ಪೂರ್ತಿ ಪಾತ್. ಪೈಥಾನ್ ವರ್ಚುವಲ್ ಎನ್ವಿರಾನ್‌ಮೆಂಟ್ ಇರುವ ಫೋಲ್ಡರ್‌ನ ಹೆಸರು ಸುಮ್ನೆ ಬದಲಿಸಿ ನೋಡಿ. ಅದರೊಳಗಿನ, ಪ್ಯಾಕೇಜ್ ಹಾಕುವ ಪಿಪ್ ಕಮಾಂಡ್ ಓಡುವುದಿಲ್ಲ. ಮೊದಲ ಸಾಲು ಇನ್ನೂ ಹಳೆಯ ಜಾಗವನ್ನೇ ತೋರಿಸುತ್ತಿರುತ್ತದೆ.

ಇದಕ್ಕೆ ಕಾಂಡಾ ಅನ್ನೋ ಪ್ಯಾಕೇಜ್ ಮ್ಯಾನೇಜರ್ ಮಾಡಿದ ಉಪಾಯ ನನಗೆ ತುಂಬಾ ಇಷ್ಟ. ಪ್ಯಾಕೇಜ್ ಬಿಲ್ಡ್ ಮಾಡುವಾಗ ಬೇಕಂತಲೇ ಬಹಳ ಉದ್ದದ ಒಂದು ಸುಳ್ಳು ಪಾತ್ ಕೊಡುತ್ತಾರೆ, ಸುಮಾರು 255 ಅಕ್ಷರ. ಇನ್‌ಸ್ಟಾಲ್ ಆಗುವಾಗ ಫೈಲ್‌ಗಳೊಳಗೆ ಆ ಪಾತ್ ಹುಡುಕಿ, ಅದರ ಜಾಗದಲ್ಲಿ ನಿಜವಾದ ಪಾತ್ ಬರೆಯುತ್ತಾರೆ. ಬೈನರಿಯ ಉದ್ದ ಬದಲಾಗಬಾರದು, ಹಾಗಾಗಿ ಮಿಕ್ಕ ಜಾಗಕ್ಕೆ ಸೊನ್ನೆ ಬೈಟ್ ತುಂಬುತ್ತಾರೆ. ಜಾಣತನದ ಕೆಲಸ. ಆದರೆ ಬೆಲೆಯೂ ಇದೆ. ನಿಮ್ಮ ಪಾತ್ ಆ ಸುಳ್ಳು ಪಾತ್‌ಗಿಂತ ಉದ್ದ ಇರುವಂತಿಲ್ಲ. ಡಿಸ್ಕ್ ಮೇಲಿರುವ ಫೈಲ್ ಪ್ರಕಟಿಸಿದ ಫೈಲ್‌ಗಿಂತ ಬೇರೆ ಆಗುತ್ತದೆ, ಹಾಗಾಗಿ ಫೈಲ್ ಬದಲಾಗಿಲ್ಲ ಅಂತ ನೋಡುವ ಚೆಕ್‌ಸಮ್ ಎರಡೆರಡು ಇಟ್ಟುಕೊಳ್ಳಬೇಕು. ಆಪಲ್ ಸಿಲಿಕಾನ್ ಮ್ಯಾಕ್‌ಗಳಲ್ಲಿ ಬೈನರಿ ತಿದ್ದಿದ ಕೂಡಲೇ ಅದರ ಸಹಿ ಕೆಟ್ಟುಹೋಗುತ್ತದೆ, ಮತ್ತೆ ಸಹಿ ಹಾಕಬೇಕು. ಸ್ಕ್ರಿಪ್ಟ್‌ನ ಮೊದಲ ಸಾಲಿಗೂ ಮಿತಿ ಇದೆ. ಲಿನಕ್ಸ್‌ನ ತಿರುಳಾದ ಕರ್ನಲ್ ಬಹಳ ವರ್ಷ ಆ ಸಾಲಿಗೆ 128 ಬೈಟ್ ಮಾತ್ರ ಕೊಡುತ್ತಿತ್ತು. 2019ರಲ್ಲಿ ಬಂದ 5.1 ಆವೃತ್ತಿಯಲ್ಲಿ ಅದು 256 ಆಯಿತು.

ಇನ್ನೊಂದು ದಾರಿ ಹಿಡಿದವರು ಜಾಗವನ್ನೇ ಗಟ್ಟಿ ಮಾಡಿಬಿಟ್ಟರು. ನಿಕ್ಸ್ ಅನ್ನೋ ಪ್ಯಾಕೇಜ್ ಮ್ಯಾನೇಜರ್‌ನಲ್ಲಿ ಎಲ್ಲವೂ ‘/ನಿಕ್ಸ್/ಸ್ಟೋರ್’ ಒಳಗೆ, ಹೆಸರಿನಲ್ಲೇ ಹ್ಯಾಷ್, ಅಂದ್ರೆ ಲೆಕ್ಕ ಹಾಕಿ ಕೊಟ್ಟ ಗುರುತು. ಆ ಶಿಸ್ತಿನಿಂದ ಸಿಕ್ಕ ಲಾಭ ದೊಡ್ಡದು, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಸ್ಟೋರ್ ಜಾಗ ಬದಲಿಸಿದರೆ ಹ್ಯಾಷ್ ಬದಲಾಗುತ್ತದೆ. ಅವರು ಸಿದ್ಧ ಮಾಡಿಟ್ಟ ಬೈನರಿಗಳು ಉಪಯೋಗಕ್ಕೆ ಬರುವುದಿಲ್ಲ, ಎಲ್ಲ ನಾವೇ ಬಿಲ್ಡ್ ಮಾಡಿಕೊಳ್ಳಬೇಕು. ಮ್ಯಾಕ್‌ನವರು ಬಳಸುವ ಹೋಮ್‌ಬ್ರೂನಲ್ಲೂ ‘/ಆಪ್ಟ್/ಹೋಮ್‌ಬ್ರೂ’ ಥರದ ಗೊತ್ತಾದ ಜಾಗ ಬಿಟ್ಟು ಬೇರೆ ಕಡೆ ಹೋದರೆ ಎಷ್ಟೋ ಪ್ಯಾಕೇಜ್‌ಗಳಿಗೆ ಇದೇ ಗತಿ.

ನನ್ನ ಅಭಿಪ್ರಾಯ ಇಷ್ಟು. ಪ್ರೋಗ್ರಾಮ್ ತಾನು ಎಲ್ಲಿದ್ದೇನೆ ಅನ್ನೋದನ್ನು ತಾನೇ ಕಂಡುಕೊಳ್ಳಬೇಕು. ಲಿನಕ್ಸ್‌ನಲ್ಲಿ, ಪ್ರೋಗ್ರಾಮ್ ಶುರುವಾಗುವಾಗ ಬೇಕಾದ ಲೈಬ್ರರಿಗಳನ್ನು ಜೋಡಿಸುವ ಡೈನಾಮಿಕ್ ಲಿಂಕರ್‌ಗೆ ‘ಒರಿಜಿನ್’ ಅಂತ ಹೇಳಿದರೆ, ಬೈನರಿ ಇರುವ ಫೋಲ್ಡರ್‌ನಿಂದ ಶುರು ಮಾಡಿ ಲೈಬ್ರರಿ ಹುಡುಕುತ್ತದೆ. ಮ್ಯಾಕ್‌ನಲ್ಲಿ ಅದೇ ಕೆಲಸಕ್ಕೆ ‘ಲೋಡರ್ ಪಾತ್’ ಇದೆ. ಬಿಲ್ಡ್ ಹಂತದಲ್ಲೇ ಇದನ್ನು ಕಡ್ಡಾಯ ಮಾಡಿದರೆ ಆಮೇಲೆ ತಿದ್ದುವ ಕೆಲಸ ಬಹಳ ಕಡಿಮೆ. ಪೂರ್ತಿ ತಪ್ಪುವುದಿಲ್ಲ, ನಿಜ. ಬೈನರಿಯೊಳಗೆ ಡೈನಾಮಿಕ್ ಲಿಂಕರ್‌ನದೇ ಪಾತ್ ಒಂದಿರುತ್ತದೆ. ಅದನ್ನು ಓದುವುದು ಕರ್ನಲ್, ಅದಕ್ಕೆ ‘ಒರಿಜಿನ್’ ಅರ್ಥವಾಗುವುದಿಲ್ಲ. ಸಿಸ್ಟಮ್‌ನ ಸಿ ಲೈಬ್ರರಿ ಬಿಟ್ಟು ನಿಮ್ಮದೇ ಹಾಕಿಕೊಳ್ಳುವುದಾದರೆ ಅದೊಂದನ್ನು ಇನ್‌ಸ್ಟಾಲ್ ವೇಳೆಗೆ ಬರೆಯಲೇಬೇಕು. ಲೈಬ್ರರಿ ಪಾತ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್ ಅನ್ನು ಶೆಲ್ ಫೈಲಿಗೆ ಸೇರಿಸಿ ಅಂತ ಬಳಸುವವರಿಗೆ ಹೇಳುವುದು ಮಾತ್ರ ಬೇಡವೇ ಬೇಡ. ಅದು ಆ ಶೆಲ್‌ನಿಂದ ಓಡುವ ಎಲ್ಲ ಪ್ರೋಗ್ರಾಮ್‌ಗಳ ಮೇಲೂ ಪರಿಣಾಮ ಮಾಡುತ್ತದೆ.

ಇನ್ನು ದಾಖಲೆ. ಏನೇನು ಇನ್‌ಸ್ಟಾಲ್ ಆಗಿದೆ ಅನ್ನೋ ಡೇಟಾಬೇಸ್ ಆಯಾ ಜಾಗದ ಒಳಗೇ ಇರಬೇಕು. ಸ್ಟೀಮ್‌ನಲ್ಲಿ ಗೇಮ್ ಆಡುವವರು ಇದನ್ನು ನೋಡಿರುತ್ತೀರಿ. ಪ್ರತಿ ಲೈಬ್ರರಿ ಫೋಲ್ಡರ್ ತನ್ನ ಗೇಮ್‌ಗಳ ಮಾಹಿತಿ ಫೈಲ್‌ಗಳನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ಡ್ರೈವ್ ಇನ್ನೊಂದು ಕಂಪ್ಯೂಟರ್‌ಗೆ ಹಾಕಿ ಆ ಫೋಲ್ಡರ್ ಸೇರಿಸಿದರೆ ಗೇಮ್‌ಗಳು ಪಟ್ಟಿಯಲ್ಲಿ ಬರುತ್ತವೆ. ಒಂದೇ ಕೇಂದ್ರ ಡೇಟಾಬೇಸ್ ಇಟ್ಟರೆ, ಡ್ರೈವ್ ಕಿತ್ತ ದಿನ ಇಲ್ಲದ ಫೈಲ್‌ಗಳನ್ನು ಇವೆ ಅಂತ ಹೇಳುತ್ತಾ ಕೂರುತ್ತದೆ.

ಎರಡು ಜಾಗಗಳ ನಡುವಿನ ಡಿಪೆಂಡೆನ್ಸಿಗೂ ನಿಯಮ ಬೇಕು. ನನ್ನ ಹೋಮ್‌ನಲ್ಲಿರುವ ಪ್ಯಾಕೇಜ್ ಸಿಸ್ಟಮ್‌ನಲ್ಲಿರುವುದನ್ನು ನೆಚ್ಚಿಕೊಳ್ಳಬಹುದು. ಸಿಸ್ಟಮ್ ಮಾತ್ರ ನನ್ನ ಹೋಮ್ ಅನ್ನು ನೆಚ್ಚಿಕೊಳ್ಳಬಾರದು. ಯಾವ ಬಿಲ್ಡ್ ಮೇಲೆ ನಿಂತಿದ್ದೇನೆ ಅನ್ನೋದನ್ನು ಆವೃತ್ತಿ ಸಂಖ್ಯೆಯ ಜೊತೆ ಹ್ಯಾಷ್ ಸಮೇತ ಬರೆದಿಡಬೇಕು. ಇಲ್ಲದಿದ್ದರೆ ಅಡ್ಮಿನ್ ರಾತ್ರಿ ಅಪ್‌ಡೇಟ್ ಮಾಡಿದ ಮೇಲೆ ಬೆಳಿಗ್ಗೆ ನನ್ನ ಪ್ರೋಗ್ರಾಮ್ ಯಾಕೆ ಏಳಲಿಲ್ಲ ಅಂತ ಹುಡುಕುವುದೇ ದೊಡ್ಡ ಕೆಲಸ.

ಜಾಗ ಬದಲಿಸಲು ಆಗದ ಪ್ಯಾಕೇಜ್‌ಗಳು ಇದ್ದೇ ಇರುತ್ತವೆ. ಅವು ಅದನ್ನು ಮೊದಲೇ ಹೇಳಲಿ. ಲಿನಕ್ಸ್‌ನ ಪ್ಯಾಕೇಜ್ ಮ್ಯಾನೇಜರ್ ಆದ ಆರ್‌ಪಿಎಂ ಇದನ್ನು ಸರಿಯಾಗಿ ಮಾಡಿದೆ. ಪ್ಯಾಕೇಜ್ ಬಿಲ್ಡ್ ಮಾಡುವ ವಿವರ ಇರುವ ಸ್ಪೆಕ್ ಫೈಲಿನಲ್ಲಿ ಪ್ರಿಫಿಕ್ಸ್ ಅಂತ ಬರೆದ ಪ್ಯಾಕೇಜ್ ಮಾತ್ರ ಜಾಗ ಬದಲಿಸಬಲ್ಲದು, ಮಿಕ್ಕವನ್ನು ಬೇರೆ ಕಡೆ ಹಾಕಲು ಹೋದರೆ ಆಗುವುದಿಲ್ಲ ಅನ್ನುತ್ತದೆ. ಇನ್‌ಸ್ಟಾಲ್ ವೇಳೆ ಓಡುವ ಸ್ಕ್ರಿಪ್ಟ್‌ಗಳಿಗೂ ಹೊಸ ಜಾಗ ಯಾವುದು ಅಂತ ತಿಳಿಸುತ್ತದೆ.

ಆದರೆ ಬದಲಿಸಬಹುದು ಅಂತ ಬರೆದ ಮಾತ್ರಕ್ಕೆ ನಂಬುವ ಹಾಗಿಲ್ಲ, ಪರೀಕ್ಷೆ ಮಾಡಬೇಕು. ಪ್ರತಿ ಪ್ಯಾಕೇಜ್ ಅನ್ನು ಬಿಲ್ಡ್ ಮಾಡಿದ ಜಾಗದಲ್ಲಿ ಅಲ್ಲ, ಬೇರೆಯೇ ಫೋಲ್ಡರ್‌ನಲ್ಲಿ ಇನ್‌ಸ್ಟಾಲ್ ಮಾಡಿ ಓಡಿಸಿ. ಬಿಲ್ಡ್ ಫೋಲ್ಡರ್ ಅಳಿಸಿದ ಮೇಲೆ ಓಡಿಸಿ, ಇಲ್ಲದಿದ್ದರೆ ಹಳೆಯ ಪಾತ್ ಕದ್ದು ಕೆಲಸ ಮಾಡುತ್ತಿರುತ್ತದೆ. ಫೋಲ್ಡರ್‌ನ ಹೆಸರಿನಲ್ಲಿ ಒಂದು ಸ್ಪೇಸ್ ಇರಲಿ, ಕನ್ನಡ ಅಕ್ಷರವೂ ಇರಲಿ. ಎಷ್ಟು ಸ್ಕ್ರಿಪ್ಟ್‌ಗಳು ಅಲ್ಲೇ ಬಿದ್ದುಹೋಗುತ್ತವೆ ಅಂತ ಮೊದಲ ಸಲವೇ ಗೊತ್ತಾಗುತ್ತದೆ.