ಮಣೆಯ ಅಡಿಯಲ್ಲಿ ಹೆಸರು

ಹಾಸನದ ನಮ್ಮ ಮನೆಯಲ್ಲಿ ಒಂದು ಸ್ಟೀಲ್ ಡಬರಿ ಇದೆ. ಅದರ ಕಂಠದ ಸುತ್ತ ಚುಕ್ಕೆ ಚುಕ್ಕೆಯಾಗಿ ಅಮ್ಮನ ಸೋದರಮಾವನ ಹೆಸರು, ಅವರ ಊರು, 1978 ಅಂತ ಇಸವಿ. ಅಮ್ಮನ ಮದುವೆಗೆ ಬಂದ ಉಡುಗೊರೆ. ಮಾವ ತೀರಿಕೊಂಡು ಎಷ್ಟೋ ವರ್ಷವಾಯಿತು. ಡಬರಿಯಲ್ಲಿ ಇವತ್ತಿಗೂ ಸಾರು ಕುದಿಯುತ್ತದೆ. ತೊಳೆಯುವಾಗ ಬೆರಳಿಗೆ ಆ ಚುಕ್ಕೆಗಳು ಸಿಗುತ್ತವೆ.

ನಾನು ಅಮೆರಿಕದ ಮಿಚಿಗನ್‌ಗೆ ಬಂದು 14 ವರ್ಷ. ಇಲ್ಲಿ ಮದುವೆಗೆ ಕೆಲವು ವಾರ ಮುಂಚೆ ಮದುಮಗಳಿಗೆ ಬ್ರೈಡಲ್ ಶವರ್ ಮಾಡುತ್ತಾರೆ. ಹೆಚ್ಚಾಗಿ ಹೆಂಗಸರೇ ಸೇರುವ ಮಧ್ಯಾಹ್ನದ ಕೂಟ. ಕೇಕ್, ಆಟ, ನಗು. ಬಂದವರ ಮುಂದೆಯೇ ಮದುಮಗಳು ಒಂದೊಂದೇ ಉಡುಗೊರೆ ಬಿಚ್ಚುತ್ತಾಳೆ. ಪಕ್ಕದಲ್ಲಿ ಗೆಳತಿಯೊಬ್ಬಳು ಯಾರು ಏನು ಕೊಟ್ಟರು ಅಂತ ಬರೆದುಕೊಳ್ಳುತ್ತಾಳೆ, ಆಮೇಲೆ ಎಲ್ಲರಿಗೂ ಥ್ಯಾಂಕ್ಯೂ ಕಾರ್ಡ್ ಹೋಗಬೇಕಲ್ವಾ. ಮೊದಲ ಸಲ ನೋಡಿದಾಗ ನನಗೆ ನಮ್ಮ ಕಡೆ ಛತ್ರದಲ್ಲಿ ನೋಟ್‌ಬುಕ್ ಹಿಡಿದು ಮುಯ್ಯಿ ಬರೆಯುವವರು ನೆನಪಾದರು. ಮದುಮಗಳಿಗೆ ಏನು ಬೇಕು ಅನ್ನುವ ಪಟ್ಟಿ ಮೊದಲೇ ಅಂಗಡಿಯಲ್ಲಿ ಇರುತ್ತದೆ. ಶಿಕಾಗೊದ ಮಾರ್ಷಲ್ ಫೀಲ್ಡ್ಸ್ ಅಂಗಡಿ 1924ರಲ್ಲೇ ಈ ಪದ್ಧತಿ ಶುರುಮಾಡಿತ್ತು. ಪಟ್ಟಿ ಇದ್ದರೆ ಒಂದೇ ಮನೆಗೆ ನಾಲ್ಕು ಮಿಕ್ಸಿ ಬರುವುದಿಲ್ಲ, ಅದು ನಿಜ. ಆದರೆ ಪಟ್ಟಿಯಿಂದ ಬಂದ ಪಾತ್ರೆಯನ್ನು ಕೊಟ್ಟವರು ಯಾರು ಅಂತ ಎರಡು ವರ್ಷಕ್ಕೆ ಮರೆತುಹೋಗುತ್ತದೆ.

ಅದಕ್ಕೇ ಏನೋ, ಇಲ್ಲಿ ಇನ್ನೊಂದು ಚೆಂದದ ಅಭ್ಯಾಸ ಇದೆ. ತರಕಾರಿ ಹೆಚ್ಚುವ ಮರದ ಹಲಗೆಯನ್ನೋ, ದೊಡ್ಡ ಸೌಟನ್ನೋ, ಲಟ್ಟಣಿಗೆಯನ್ನೋ ಮೇಜಿನ ಮೇಲೆ ಇಡುತ್ತಾರೆ. ಬಂದವರೆಲ್ಲ ಅದರ ಮೇಲೆ ಸಹಿ ಹಾಕುತ್ತಾರೆ. ಅವರವರ ಕೈಬರಹದಲ್ಲೇ. ಅಂಗಡಿಯ ಮಷಿನ್‌ನಲ್ಲಿ ಕೊರೆಸಿದ ಹೆಸರಿಗೂ ಇದಕ್ಕೂ ಬಹಳ ವ್ಯತ್ಯಾಸ. ಅಜ್ಜಿಯ ನಡುಗುವ ಅಕ್ಷರ ಅಜ್ಜಿಯದೇ. ಆರು ವರ್ಷದ ಮಗುವಿನ ತಿರುಗುಮುರುಗು ಅಕ್ಷರವೂ ಹಾಗೆಯೇ.

ಆದರೆ ನಾನು ಕಂಡ ಅಂಥ ಹಲಗೆಗಳು ಗೋಡೆಯ ಮೇಲೇ ಇವೆ. ಸಹೋದ್ಯೋಗಿಯೊಬ್ಬಳ ಮಗಳ ಮನೆಗೆ ಮದುವೆಯಾಗಿ ಮೂರು ವರ್ಷದ ಮೇಲೆ ಹೋಗಿದ್ದೆ. ನಾನೂ ಸಹಿ ಹಾಕಿದ್ದ ಹಲಗೆ ಒಲೆಯ ಪಕ್ಕದ ಗೋಡೆಯಲ್ಲಿ ನೇತಾಡುತ್ತಿತ್ತು. ಒಂದು ಸಲವೂ ಅದರ ಮೇಲೆ ಈರುಳ್ಳಿ ಹೆಚ್ಚಿಲ್ಲ. ಮಾರ್ಕರ್ ಶಾಯಿ ಮರದ ಎಳೆಗಳ ಉದ್ದಕ್ಕೂ ಹರಡಿ ಅರ್ಧ ಹೆಸರುಗಳು ಮಸುಕಾಗಿದ್ದವು. ನನಗೆ ಸಂಕಟವಾಯಿತು. ಹೆಸರು ಇರುವ ಕಡೆಯೇ ಚಾಕು ಆಡಬೇಕು, ಶಾಯಿ ಊಟಕ್ಕೆ ತಾಗಬಾರದು ಅಂದರೆ ಅವಳು ತಾನೇ ಏನು ಮಾಡಿಯಾಳು? ತಪ್ಪು ಅವಳದಲ್ಲ. ಸಹಿ ಹಾಕಿಸಿದ ಜಾಗದ್ದು.

ಅಡುಗೆಮನೆಯ ಸಾಮಾನು ದುಡಿಯಬೇಕು. ಅದು ನಮ್ಮ ಕಡೆಯ ರೀತಿ, ಅದನ್ನು ನಾನು ಬಿಟ್ಟುಕೊಡಲಾರೆ. ಪಾತ್ರೆಗೆ ಹೆಸರು ಹಾಕಿಸುವುದೇ ಅದು ನಾಲ್ಕು ಮನೆ ಸುತ್ತಿ ಬರಲಿ ಅಂತ. ಪಕ್ಕದ ಮನೆಯ ಸಮಾರಂಭಕ್ಕೆ ಹೋದದ್ದು ತಪ್ಪದೆ ವಾಪಸ್ ಬರಲಿ ಅಂತ.

ಹೋದ ವರ್ಷ ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಇಲ್ಲೇ ಹುಟ್ಟಿ ಬೆಳೆದವಳು. ಗೆಳತಿಯರು ಶವರ್ ಮಾಡುತ್ತೇವೆ ಅಂದರು. ಸಹಿ ಹಾಕಿಸುವ ಸಾಮಾನು ನಾನು ಮಾಡಿಸುತ್ತೇನೆ ಅಂದೆ. ನಾನು ಆರಿಸಿದ್ದು ಚಪಾತಿ ಮಣೆ.

ಮಣೆಯನ್ನು ಒಮ್ಮೆ ತಿರುಗಿಸಿ ನೋಡಿ. ಕೆಳಗೆ ಮೂರು ಕಾಲು, ನಡುವೆ ದುಂಡನೆಯ ಖಾಲಿ ಜಾಗ. ಹಿಟ್ಟು ಅಲ್ಲಿಗೆ ಹೋಗುವುದಿಲ್ಲ. ಲಟ್ಟಣಿಗೆ ತಾಗುವುದಿಲ್ಲ. ಮೇಲೆ ದಿನಾ ಚಪಾತಿ ಲಟ್ಟಿಸಬಹುದು, ಅಡಿಯಲ್ಲಿ ಹೆಸರುಗಳು ಹಾಗೇ ಇರುತ್ತವೆ. ಇದಕ್ಕಿಂತ ಒಳ್ಳೆಯ ಜಾಗ ನನಗಂತೂ ಹೊಳೆಯಲಿಲ್ಲ.

ಚನ್ನಪಟ್ಟಣದಿಂದ ತರಿಸುವ ಆಸೆಯಿತ್ತು. ಅಲ್ಲಿ ಆಲೆ ಮರವನ್ನು ತಿರುಗುವ ಲೇತ್ ಯಂತ್ರಕ್ಕೆ ಹಾಕಿ ಕಡೆದು, ಮರ ತಿರುಗುವಾಗಲೇ ಬಣ್ಣದ ಅರಗನ್ನು ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಆದರೆ ಆ ಹೊಳಪಿನ ಮೇಲೆ ಕೈಬರಹ ಕೂರಿಸುವುದು ಕಷ್ಟ. ನಮಗೆ ಬೇಕಿದ್ದು ಬರಿ ಮರ. ಇಲ್ಲಿ ಗಟ್ಟಿ ಮೇಪಲ್ ಸುಲಭವಾಗಿ ಸಿಗುತ್ತದೆ. ಹೆಚ್ಚುವ ಹಲಗೆಗಳಿಗೆ ಇಲ್ಲಿನವರು ನೆಚ್ಚಿಕೊಂಡಿರುವ ಮರ ಅದೇ, ಎಳೆ ಒತ್ತಾಗಿದೆ, ನೀರು ಬೇಗ ಹೀರುವುದಿಲ್ಲ. ಬಡಗಿ ಕೆಲಸ ಗೊತ್ತಿದ್ದ ನೆರೆಯವರು ಮಾಡಿಕೊಟ್ಟರು.

ಶವರ್ ದಿನ ನಾನು ಮಾರ್ಕರ್ ಇಡಲಿಲ್ಲ, ಪೆನ್ಸಿಲ್ ಇಟ್ಟೆ. 220 ನಂಬರಿನ ನಯವಾದ ಉಪ್ಪುಕಾಗದದಲ್ಲಿ ಉಜ್ಜಿದ ಮರದ ಮೇಲೆ ಪೆನ್ಸಿಲ್ ಚೆನ್ನಾಗಿ ಬರೆಯುತ್ತದೆ, ತಪ್ಪಾದರೆ ಅಳಿಸಬಹುದು. ಆಮೇಲೆ ಮನೆಗೆ ತಂದು, ಕಾದ ಮೊನೆಯ ವುಡ್ ಬರ್ನಿಂಗ್ ಪೆನ್ನಿನಲ್ಲಿ ಒಂದೊಂದು ಸಹಿಯ ಮೇಲೂ ಮೆಲ್ಲಗೆ ತಿದ್ದಿದೆ. ಸುಟ್ಟ ಗೆರೆ ಶಾಯಿಯ ಹಾಗೆ ಹರಡುವುದಿಲ್ಲ, ತೊಳೆದರೆ ಹೋಗುವುದಿಲ್ಲ. ಮೊದಲು ಪೈನ್ ತುಂಡಿನ ಮೇಲೆ ಅಭ್ಯಾಸ ಮಾಡಿದ್ದೆ. ಅದರಲ್ಲಿ ಒಂದು ಎಳೆ ಮೆತ್ತಗೆ, ಇನ್ನೊಂದು ಗಟ್ಟಿ, ಹಾಗಾಗಿ ಗೆರೆ ಒಂದು ಕಡೆ ಆಳ, ಒಂದು ಕಡೆ ತೆಳು. ಮೇಪಲ್‌ನಲ್ಲಿ ಆ ತೊಂದರೆ ಬರಲಿಲ್ಲ. ಎರಡು ಸಂಜೆ ಹಿಡಿಯಿತು. ಕೊನೆಗೆ ಎರಡೂ ಬದಿಗೆ ಫುಡ್ ಗ್ರೇಡ್, ಅಂದರೆ ಊಟಕ್ಕೆ ತಾಗಿದರೂ ತೊಂದರೆಯಿಲ್ಲದ, ಮಿನರಲ್ ಆಯಿಲ್ ಸವರಿ ರಾತ್ರಿಯೆಲ್ಲ ಬಿಟ್ಟೆ. ಅಡುಗೆ ಎಣ್ಣೆ ಮಾತ್ರ ಹಚ್ಚಬೇಡಿ, ದಿನ ಕಳೆದಂತೆ ಕಮಟು ವಾಸನೆ ಬರುತ್ತದೆ. ಮಣೆಯನ್ನು ನೀರಲ್ಲಿ ನೆನೆಹಾಕಬಾರದು, ಡಿಶ್‌ವಾಷರ್‌ಗೆ ಹಾಕಲೇಬಾರದು.

ಇಷ್ಟರಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಮುಖ್ಯವಾದ ಮಾತು ಇನ್ನೂ ಹೇಳಿಲ್ಲ.

ನಮ್ಮಲ್ಲಿ ಅರಿಶಿನ ಶಾಸ್ತ್ರಕ್ಕೆ ಮುತ್ತೈದೆಯರು ಬೇಕು. ಬಳೆ ತೊಡಿಸುವುದಕ್ಕೆ, ಮಡಿಲು ತುಂಬುವುದಕ್ಕೆ ಮುತ್ತೈದೆಯರೇ ಬೇಕು. ನನ್ನ ಚಿಕ್ಕಮ್ಮನಿಗೆ 31ನೇ ವಯಸ್ಸಿಗೇ ಗಂಡ ಹೋದರು. ನನ್ನ ಮದುವೆಯಲ್ಲಿ ರಾತ್ರಿಯಿಡೀ ಕಾಯಿ ತುರಿದವರು ಅವರು, ಸೀರೆಗಳನ್ನೆಲ್ಲ ಜೋಡಿಸಿಟ್ಟವರು ಅವರು. ಅರಿಶಿನ ಹಚ್ಚುವ ಹೊತ್ತಿಗೆ ಮಾತ್ರ ಉಗ್ರಾಣದ ಬಾಗಿಲಲ್ಲಿ ನಿಂತಿದ್ದರು. ಯಾರೂ ಬಾ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಇಲ್ಲಿನ ಶವರ್‌ನಲ್ಲಿ ಆ ಬಾಗಿಲು ಇಲ್ಲ. ಗಂಡ ಹೋದವರು, ಗಂಡನನ್ನು ಬಿಟ್ಟವರು, ಮದುವೆಯೇ ಬೇಡ ಅಂದವರು, ಎಲ್ಲರೂ ಒಂದೇ ಮೇಜಿಗೆ ಬಂದು ಒಂದೇ ಪೆನ್ಸಿಲ್ ಹಿಡಿಯುತ್ತಾರೆ. ಇದೊಂದನ್ನು ನಾವು ಇವರಿಂದ ಕಲಿಯಲೇಬೇಕು. ಶಾಸ್ತ್ರ ಬಿಡಿ ಅಂತ ಹಿರಿಯರ ಹತ್ತಿರ ಜಗಳಕ್ಕೆ ಹೋಗಬೇಕಾಗಿಲ್ಲ. ಅರಿಶಿನದ ತಟ್ಟೆಯ ಪಕ್ಕದಲ್ಲಿ ಒಂದು ಮಣೆ, ಒಂದು ಪೆನ್ಸಿಲ್ ಇಟ್ಟು, ಮನೆಯ ಎಲ್ಲ ಹೆಂಗಸರನ್ನೂ ಕರೆದರೆ ಸಾಕು.

ಚಿಕ್ಕಮ್ಮ ಇಲ್ಲಿಗೆ ಬರುವ ಹಾಗಿರಲಿಲ್ಲ. ಕಾಗದದ ಮೇಲೆ ಸಹಿ ಹಾಕಿ ಫೋಟೋ ಕಳಿಸಿ ಅಂದೆ. "ನನ್ನದ್ಯಾಕೆ ಮಗಾ, ಶುಭಕಾರ್ಯದಲ್ಲಿ" ಅಂದರು. ನಾಲ್ಕು ದಿನ ಬಿಟ್ಟು ಮತ್ತೆ ಕೇಳಿದೆ. ಆ ರಾತ್ರಿ ವಾಟ್ಸಾಪ್‌ಗೆ ಫೋಟೋ ಬಂತು. ಗೆರೆ ಹಾಕಿದ ಹಾಳೆಯಲ್ಲಿ ಒಂದರ ಕೆಳಗೊಂದು ಐದು ಸಲ ಬರೆದಿದ್ದರು, ಚೆನ್ನಾಗಿರುವುದನ್ನು ನೀನೇ ಆರಿಸಿಕೋ ಅಂತ. ಐದನೆಯದನ್ನು ಅಳತೆಗೆ ಪ್ರಿಂಟ್ ತೆಗೆದು, ಕಾರ್ಬನ್ ಕಾಗದ ಇಟ್ಟು ಮಣೆಯ ಮೇಲೆ ಒತ್ತಿ, ಅದನ್ನೇ ಎಲ್ಲಕ್ಕಿಂತ ಮೊದಲು ಸುಟ್ಟು ತಿದ್ದಿದೆ.

ಮದುವೆ ಮುಗಿದು ಹುಡುಗಿ ಸಂಸಾರ ಹೂಡಿದ ಮೇಲೆ, ಮಣೆಯ ಮೇಲೆ ಹಿಟ್ಟು ಹರಡಿದ್ದ ಒಂದು ಫೋಟೋ ಚಿಕ್ಕಮ್ಮನಿಗೆ ಕಳಿಸಿದಳು. ಆ ಕೂಡಲೇ ಚಿಕ್ಕಮ್ಮ ನನಗೆ ಫೋನ್ ಮಾಡಿದರು. ಮೂರು ಕಾಲಿನಲ್ಲಿ ಯಾವ ಕಾಲಿನ ಹತ್ತಿರ ತಮ್ಮ ಹೆಸರು ಇದೆ ಅಂತ ಕೇಳಿದರು.