ಎತ್ತು ತೆಗೆದು ಟ್ಯಾಂಕ್ ಇಟ್ಟರು

ಭಾನುವಾರ ಊರಲ್ಲಿ ದೊಡ್ಡಪ್ಪನ ನುಡಿನಮನ ಇತ್ತು. ಹೋಗಿ ಬಂದು ಮೂರು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಹಿರಿಯೂರಿನಿಂದ ಬಂದ ಬಸ್ ಇಳಿದ ಕೂಡಲೇ ಕಣ್ಣಿಗೆ ಬಿದ್ದಿದ್ದು ಆ ಫ್ಲೆಕ್ಸ್. ಮೇಲೆ ಎರಡು ಯುದ್ಧವಿಮಾನ, ಕೆಳಗೆ ಬೆಂಕಿ. ನಡುವೆ ನಮ್ಮ ದೊಡ್ಡಪ್ಪ, ಬಲಗೈ ಒಂದು ಟ್ಯಾಂಕಿನ ಮೇಲೆ.

ಆ ಫೋಟೊ ತೆಗೆದವಳು ನಾನು. ಕೇಳಿದರು ಅಂತ ಕಳಿಸಿದವಳೂ ನಾನೇ. ಅದರಲ್ಲಿ ಟ್ಯಾಂಕ್ ಇರಲಿಲ್ಲ ಸ್ವಾಮಿ, ಎತ್ತು ಇತ್ತು. ಹೆಸರು ಮಲ್ಲ. ದೊಡ್ಡಪ್ಪನ ಕೈ ಅದರ ಹಿಣಿಲಿನ ಮೇಲಿತ್ತು. ಫ್ಲೆಕ್ಸ್ ಅಂಗಡಿಯವನು ಎತ್ತನ್ನು ಅಳಿಸಿ ಆ ಜಾಗಕ್ಕೆ ಟ್ಯಾಂಕ್ ಅಂಟಿಸಿದ್ದಾನೆ. ಹಾಗಾಗಿ 85 ವರ್ಷದ ಮನುಷ್ಯ ಟ್ಯಾಂಕಿನ ಮೈ ಸವರುತ್ತಾ ನಿಂತ ಹಾಗಾಗಿದೆ!

ಲೆಕ್ಕ ಹಾಕಿ ನೋಡಿ. ಬದುಕಿದ್ದು 85 ವರ್ಷ. ಮಿಲಿಟರಿಯಲ್ಲಿ 17. ಅದರಲ್ಲಿ 1971ರ ಯುದ್ಧ ಎರಡು ವಾರ. ವೇದಿಕೆಯಲ್ಲಿ ಏಳು ಜನ ಮಾತಾಡಿದರು, ಏಳೂ ಜನಕ್ಕೆ ಆ ಎರಡು ವಾರವೇ ಬೇಕು. ಒಬ್ಬರಂತೂ ಮೈಕ್ ಹಿಡಿದು "ವೈರಿಗಳ ಎದೆ ನಡುಗಿಸಿದ ಹುಲಿ" ಅಂದರು. ಮನೆಯಲ್ಲಿ ಹಲ್ಲಿ ಕಂಡರೆ ದೊಡ್ಡಮ್ಮನನ್ನು ಕೂಗುತ್ತಿದ್ದರು ನಮ್ಮ ಹುಲಿ.

ದೊಡ್ಡಪ್ಪ ಸ್ಯಾಪರ್, ಅಂದರೆ ಸೇನೆಗೆ ಸೇತುವೆ ಕಟ್ಟುವ, ನೆಲದಲ್ಲಿ ಹೂತಿಟ್ಟ ಮೈನ್ (ಬಾಂಬು) ತೆಗೆದು ಟ್ಯಾಂಕಿಗೆ ದಾರಿ ಮಾಡುವ ಸೈನಿಕ. ಹಲಸೂರು ಕೆರೆ ಪಕ್ಕದ ಎಂಇಜಿಯಲ್ಲಿ (ಮದ್ರಾಸ್ ಎಂಜಿನಿಯರ್ ಗ್ರೂಪ್) ಟ್ರೇನಿಂಗ್. ಅಲ್ಲಿ ಎಲ್ಲರಿಗೂ "ತಂಬಿ" (ತಮಿಳಲ್ಲಿ ತಮ್ಮ) ಅಂತಲೇ ಹೆಸರು, ಇವರು ಕಡೆಯವರೆಗೂ ನನ್ನನ್ನೂ ತಂಬಿ ಅಂತಲೇ ಕರೆದರು. ಯುದ್ಧದಲ್ಲಿ ಇದ್ದದ್ದು ಪಾಕಿಸ್ತಾನದ ಶಕರ್‌ಗಢದ ಕಡೆ. ಕೆಲಸ, ರಾತ್ರಿ ಹೊಟ್ಟೆ ಮೇಲೆ ತೆವಳಿ ಕಡ್ಡಿಯಿಂದ ನೆಲ ಚುಚ್ಚಿ ನೋಡುವುದು. ನೆಟ್ಟಗೆ ಚುಚ್ಚಬಾರದು, ಓರೆಯಾಗಿ ಚುಚ್ಚಬೇಕು. ಕಡ್ಡಿಗೆ ಗಟ್ಟಿಯಾದದ್ದು ತಗುಲಿದರೆ ಮೈನ್. ಇದನ್ನು ನನಗೆ ಒಂದೇ ಸಲ ಹೇಳಿದ್ದರು, ಅದೂ ಹೊಲದಲ್ಲಿ ಕೂತು. "ಭಯ ಆಗ್ಲಿಲ್ವಾ?" ಅಂದೆ. "ಚಿಕ್ಕೋನಿದ್ದಾಗ ಶೇಂಗಾ ಹಕ್ಕಲು ಆಯ್ತಿರ್ಲಿಲ್ವೇನು, ಹಂಗೇ. ಕೈಗೆ ಮಣ್ಣು ಗೊತ್ತಿರ್ಬೇಕು ಅಷ್ಟೆ" ಅಂದರು. ಹಕ್ಕಲು ಅಂದರೆ ಬೆಳೆ ಕಿತ್ತ ಮೇಲೆ ಮಣ್ಣಲ್ಲಿ ಉಳಿದ ಕಾಯಿ ಹುಡುಕಿ ಆಯುವುದು.

ಈಗ ಹೇಳಿ, ಎತ್ತು ಅಳಿಸಿದರೆ ಆ ಸೈನಿಕ ಉಳಿಯುತ್ತಾನಾ?

"ಹುಡುಗರು ಅಭಿಮಾನದಿಂದ ಮಾಡಿದ್ದಾರೆ, ಬಿಡು" ಅಂದ ತಮ್ಮ. ನಿಜ, ಊರಲ್ಲಿ ನಾಲ್ಕು ಹುಡುಗರು ಅಗ್ನಿವೀರ್‌ಗೆ ಅಂತ ಬೆಳಗಿನ ಜಾವ ಓಡುತ್ತಾರೆ. ಅವರಿಗೊಬ್ಬ ಹೀರೊ ಬೇಕು. ಸರಿ, ಹಾಗಾದರೆ ಈ ಹಕ್ಕಲಿನ ಕಥೆ ಹೇಳಿ! ಇದಕ್ಕಿಂತ ಹೀರೊ ಬೇಕಾ? ಟ್ಯಾಂಕಿಗೆ ದಾರಿ ಬಿಡಿಸಿದವನನ್ನು ಟ್ಯಾಂಕಿನ ಪಕ್ಕ ನಿಲ್ಲಿಸಿ ಫೋಟೊ ಯಾಕೆ?

ನಾನೂ ಸಾಚಾ ಅಲ್ಲ. ಏಳನೇ ಕ್ಲಾಸಲ್ಲಿ "ನಮ್ಮ ದೊಡ್ಡಪ್ಪ ಹತ್ತು ಜನ ವೈರಿಗಳನ್ನು ಹೊಡೆದರು" ಅಂತ ಭಾಷಣ ಬಿಗಿದು ಒಂದು ಸ್ಟೀಲ್ ಲೋಟ ಗೆದ್ದಿದ್ದೆ. ಕೊನೆಯವರೆಗೂ ಅದೇ ಲೋಟದಲ್ಲಿ ಕಾಫಿ ಕುಡಿದರು. ಅದು ಯಾವ ಸುಳ್ಳಿಗೆ ಬಂದ ಲೋಟ ಅಂತ ಹೇಳುವ ಧೈರ್ಯ ನನಗೆ ಬರಲೇ ಇಲ್ಲ.

ಅಪ್ಪ ಹೋದ ಮೇಲೆ ನಾನು ಬೆಳೆದದ್ದು ಆ ಮನೆಯಲ್ಲೇ ಅಂತ ನಿಮಗೆಲ್ಲ ಗೊತ್ತಲ್ಲ. ದೊಡ್ಡಮ್ಮ ಹೊಲಕ್ಕೆ ಹೋದ ದಿನ ನಮಗೆ ನಾಲ್ಕು ಹೆಣ್ಣುಮಕ್ಕಳಿಗೂ ಜಡೆ ಹಾಕುತ್ತಿದ್ದದ್ದು ದೊಡ್ಡಪ್ಪ. ಸೇತುವೆಗೆ ಹಗ್ಗ ಬಿಗಿದ ಹಾಗೆ. ಹುಬ್ಬು ಮೇಲೇರಿ ಕಣ್ಣು ಮುಚ್ಚಲು ಆಗುತ್ತಿರಲಿಲ್ಲ. ಇದನ್ನು ಯಾರೂ ಹೇಳಲಿಲ್ಲ. 2022ರಲ್ಲಿ ಮಾರಿಕಣಿವೆ ಡ್ಯಾಮ್ ಕೋಡಿ ಬಿದ್ದದ್ದನ್ನೂ ಹೇಳಲಿಲ್ಲ. 1933ರ ನಂತರ ಮೊದಲ ಸಲ. ಅವರಪ್ಪ ಆ ಹಳೆಯ ಕೋಡಿಯ ಕಥೆ ಹೇಳಿದರೆ ಮಕ್ಕಳೆಲ್ಲ ನಗುತ್ತಿದ್ದರಂತೆ. ನೀರು ಧುಮುಕುವುದನ್ನು ಬಹಳ ಹೊತ್ತು ನೋಡಿ, "ನಮ್ಮಪ್ಪ ಸುಳ್ಳು ಹೇಳಿರ್ಲಿಲ್ಲ ಕಣೆ ತಂಬಿ" ಅಂದರು. ದೊಡ್ಡಪ್ಪ ಅತ್ತದ್ದನ್ನು ನಾನು ನೋಡಿದ್ದು ಅವತ್ತೊಂದೇ ದಿನ.

ಇನ್ನು ದೊಡ್ಡಮ್ಮ. 17 ವರ್ಷ ಗಂಡ ಇಲ್ಲದೆ ಹೊಲ ನೋಡಿಕೊಂಡವಳು. ಉಳಿದವರು ಹಬ್ಬಕ್ಕೆ ರಜೆ ಕೇಳಿದರೆ ಇವರು ಶೇಂಗಾ ಬಿತ್ತನೆಗೆ ಕೇಳುತ್ತಿದ್ದರು, ಅವಳ ಕಾಗದ ನೋಡಿಕೊಂಡು. ಅವಳಿಗೆ ಭಾನುವಾರ ಸಿಕ್ಕಿದ್ದು ಒಂದು ಶಾಲು ಮತ್ತು ಹಿಂದಿನ ಸಾಲಿನ ಕುರ್ಚಿ. ಮೈಕ್ ಕೊಡುವುದು ಯಾರಿಗೂ ಹೊಳೆಯಲಿಲ್ಲ, ನನಗೂ. ಫ್ಲೆಕ್ಸ್ ನೋಡಿ ಅವಳು ಕೇಳಿದ್ದು ಒಂದೇ ಮಾತು: "ಮಲ್ಲ ಎಲ್ಲೋದ್ನೇ?"

ನಿನ್ನೆ ಫೋನ್ ಮಾಡಿದ್ದಳು. ಫ್ಲೆಕ್ಸ್ ಬಿಚ್ಚಿಸಿ ಮನೆಗೆ ತರಿಸಿದ್ದಾಳಂತೆ. ದಪ್ಪ ಇದೆ, ಮಳೆ ಬರೋ ಹಾಗಿದೆ, ಮಲ್ಲನ ಮೇವಿನ ಬಣವೆಗೆ ಹೊದಿಸಿದೆ ಅಂದಳು. ಬಿಳಿ ಬದಿ ಮೇಲೆ ಮಾಡಿ.